ಹರ್ನಿಯಾ ಇದ್ದವರು ವ್ಯಾಯಾಮ ಮಾಡುವುದು ಹೇಗೆ?

“ಡಾಕ್ಟ್ರು ಹರ್ನಿಯಾ ಅಂದರು. ಇನ್ನು ವಾಕಿಂಗ್ ಹೋಗಬಹುದಾ? ಜಿಮ್ ಬಿಡಬೇಕಾ? ಯೋಗ ಮಾಡಿದರೆ ಆಪರೇಷನ್ ತಪ್ಪುತ್ತಾ?” ಫಿಸಿಯೋಥೆರಪಿ ಮಾಡುವ ನನಗೆ ಈ ಮೂರು ಪ್ರಶ್ನೆ ಬರದ ವಾರವೇ ಇಲ್ಲ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ವಾಕಿಂಗ್ ಖಂಡಿತ ಹೋಗಬಹುದು. ಜಿಮ್ ಪೂರ್ತಿ ಬಿಡಬೇಕಿಲ್ಲ, ಆದರೆ ಮಾಡುವ ರೀತಿ ಬದಲಾಗಬೇಕು. ಯೋಗವಾಗಲಿ, ಬೇರೆ ಯಾವ ವ್ಯಾಯಾಮವಾಗಲಿ ದೊಡ್ಡವರ ಹರ್ನಿಯಾವನ್ನು ಮುಚ್ಚುವುದಿಲ್ಲ.

ಮೂರನೆಯ ಉತ್ತರ ಕೇಳಿದ ಕೂಡಲೇ ಕೆಲವರು ಎಲ್ಲ ಬಿಟ್ಟು ಕೂತುಬಿಡುತ್ತಾರೆ. ತೂಕ ಏರುತ್ತದೆ, ಮಲಬದ್ಧತೆ ಶುರುವಾಗುತ್ತದೆ, ಹರ್ನಿಯಾ ಮೊದಲಿಗಿಂತ ಜಾಸ್ತಿ ಕಾಡುತ್ತದೆ. ಇನ್ನು ಕೆಲವರು ಏನೂ ಆಗಿಲ್ಲವೆಂಬಂತೆ ದಿನಕ್ಕೆ ನೂರು ಸಿಟ್‌ಅಪ್ ಹೊಡೆಯುತ್ತಾರೆ. ಎರಡೂ ಬೇಡ. ಇವೆರಡರ ನಡುವೆ ಮಾಡಬಹುದಾದದ್ದು ಬಹಳಷ್ಟಿದೆ. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ನಿಮ್ಮನ್ನು ಕೈಮುಟ್ಟಿ ಪರೀಕ್ಷೆ ಮಾಡಿದ ವೈದ್ಯರು ಇದಕ್ಕಿಂತ ಬೇರೆ ಹೇಳಿದ್ದರೆ ಅವರ ಮಾತನ್ನೇ ಕೇಳಿ.

ಮೊದಲು, ಹರ್ನಿಯಾ ಅಂದರೇನು?

ಹಳೇ ಸೈಕಲ್ ಟೈರ್ ನೆನಪಿಸಿಕೊಳ್ಳಿ. ಟೈರ್ ಒಂದು ಕಡೆ ಸವೆದಿರುತ್ತದೆ. ಗಾಳಿ ತುಂಬಿದಾಗ ಒಳಗಿನ ಟ್ಯೂಬ್ ಆ ಸವೆದ ಜಾಗದಿಂದ ಗುಳ್ಳೆಯಂತೆ ಉಬ್ಬಿ ಹೊರಗೆ ಇಣುಕುತ್ತದೆ. ಹರ್ನಿಯಾ ಕೂಡ ಹಾಗೆಯೇ. ನಮ್ಮ ಹೊಟ್ಟೆಯ ಗೋಡೆ ಸ್ನಾಯು ಮತ್ತು ಗಟ್ಟಿ ಪೊರೆಗಳಿಂದ ಆಗಿದೆ. ಅದರಲ್ಲಿ ಎಲ್ಲೋ ಒಂದು ಕಡೆ ಸಡಿಲವಾದರೆ ಅಥವಾ ತೂತಾದರೆ ಒಳಗಿನ ಕೊಬ್ಬು ಇಲ್ಲವೇ ಕರುಳಿನ ಒಂದು ಸುರುಳಿ ಅಲ್ಲಿಂದ ಚರ್ಮದ ಕೆಳಕ್ಕೆ ನುಗ್ಗುತ್ತದೆ. ನಿಂತಾಗ, ಕೆಮ್ಮಿದಾಗ ಉಬ್ಬು ಕಾಣುತ್ತದೆ. ಮಲಗಿದಾಗ ಒಳಗೆ ಹೋಗುತ್ತದೆ.

ವ್ಯಾಯಾಮದಿಂದ ಯಾಕೆ ವಾಸಿಯಾಗುವುದಿಲ್ಲ ಎನ್ನುವುದೂ ಇಲ್ಲೇ ಗೊತ್ತಾಗುತ್ತದೆ. ತೂತಿರುವುದು ಪೊರೆಯಲ್ಲಿ. ಸುತ್ತಲಿನ ಸ್ನಾಯು ಗಟ್ಟಿಯಾದರೂ ಪೊರೆಯ ತೂತು ತಾನಾಗಿ ಹೊಲಿದುಕೊಳ್ಳುವುದಿಲ್ಲ. ಟೈರ್ ಸವೆದಿದ್ದರೆ ಟೈರನ್ನೇ ಸರಿಮಾಡಬೇಕು, ಅಲ್ವಾ? ಆದರೆ ಎಷ್ಟು ಗಾಳಿ ತುಂಬಬೇಕು ಎನ್ನುವುದು ನಮ್ಮ ಕೈಯಲ್ಲಿದೆ. ಈ ಲೇಖನದ ಉಳಿದ ಭಾಗವೆಲ್ಲ ಆ ಗಾಳಿಯ ಬಗ್ಗೆಯೇ, ಅಂದರೆ ಹೊಟ್ಟೆಯೊಳಗಿನ ಒತ್ತಡದ ಬಗ್ಗೆ.

ಜಾಗದ ಮೇಲೆ ಹರ್ನಿಯಾದ ಹೆಸರು ಬದಲಾಗುತ್ತದೆ. ಹೊಟ್ಟೆಯ ಗೋಡೆಯಲ್ಲಿ ಆಗುವ ಹರ್ನಿಯಾಗಳಲ್ಲಿ ಸುಮಾರು ಮುಕ್ಕಾಲು ಪಾಲು ತೊಡೆಸಂದಿನವು. ಇದನ್ನು ಇಂಗ್ವೈನಲ್ ಹರ್ನಿಯಾ ಎನ್ನುತ್ತಾರೆ. ಗಂಡಸರಿಗೇ ಇದು ಜಾಸ್ತಿ ಬರುವುದಕ್ಕೆ ಕಾರಣವಿದೆ. ಗಂಡುಮಗು ಹುಟ್ಟುವ ಮೊದಲು ಬೀಜಗಳು ಹೊಟ್ಟೆಯಿಂದ ಕೆಳಗಿನ ಚೀಲಕ್ಕೆ ಇಳಿಯುತ್ತವೆ. ಅವು ಇಳಿದು ಬಂದ ದಾರಿ ಜೀವನಪೂರ್ತಿ ಸ್ವಲ್ಪ ದುರ್ಬಲವಾಗಿಯೇ ಉಳಿಯುತ್ತದೆ. ನಾಲ್ಕು ಗಂಡಸರಲ್ಲಿ ಸುಮಾರು ಒಬ್ಬರಿಗೆ ಜೀವನದ ಯಾವುದಾದರೂ ಘಟ್ಟದಲ್ಲಿ ಇದು ಬರುತ್ತದೆ. ಹೆಂಗಸರಲ್ಲಿ ನೂರಕ್ಕೆ ಮೂವರಿಗೆ. ಆದ್ದರಿಂದ ನಾಚಿಕೆಪಡುವಂಥದ್ದು ಏನೂ ಇಲ್ಲ.

ತೊಡೆಸಂದಿನ ಗೆರೆಗಿಂತ ಸ್ವಲ್ಪ ಕೆಳಗೆ, ತೊಡೆಯ ಮೇಲ್ಭಾಗದಲ್ಲಿ ಉಬ್ಬು ಬಂದರೆ ಅದು ಫೆಮೊರಲ್ ಹರ್ನಿಯಾ ಇರಬಹುದು. ಇದು ಹೆಂಗಸರಲ್ಲಿ ಜಾಸ್ತಿ. ಇದರ ಬಾಯಿ ಕಿರಿದು, ಕರುಳು ಸಿಕ್ಕಿಹಾಕಿಕೊಳ್ಳುವ ಸಾಧ್ಯತೆ ಹೆಚ್ಚು. ಹಾಗಾಗಿ ಫೆಮೊರಲ್ ಎಂದು ಗೊತ್ತಾದರೆ ವ್ಯಾಯಾಮದ ಯೋಚನೆ ಬದಿಗಿಟ್ಟು ಬೇಗ ಆಪರೇಷನ್ ಮಾಡಿಸಿಕೊಳ್ಳಿ.

ಹೊಕ್ಕುಳಿನಲ್ಲಿ ಬರುವುದು ಅಂಬಿಲಿಕಲ್ ಹರ್ನಿಯಾ. ಕೂಸುಗಳಲ್ಲಿ ಇದು ಸಾಮಾನ್ಯ. ಹೆಚ್ಚಿನವರಲ್ಲಿ ನಾಲ್ಕೈದು ವರ್ಷದೊಳಗೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಹೊಕ್ಕುಳ ಮೇಲೆ ನಾಣ್ಯ ಇಟ್ಟು ಬಟ್ಟೆ ಬಿಗಿಯುವ ಅಭ್ಯಾಸ ಇನ್ನೂ ಕೆಲವು ಮನೆಗಳಲ್ಲಿ ಇದೆ. ದಯವಿಟ್ಟು ಬೇಡ, ಎಳೆಯ ಚರ್ಮ ಹುಣ್ಣಾಗುತ್ತದೆ. ಆದರೆ ಮಗುವಿನ ತೊಡೆಸಂದಿನಲ್ಲಿ ಉಬ್ಬು ಕಂಡರೆ ಕಾಯಬೇಡಿ. ಅದು ತಾನಾಗಿ ಮುಚ್ಚುವುದಿಲ್ಲ, ಬೇಗ ಮಕ್ಕಳ ಸರ್ಜನ್‌ಗೆ ತೋರಿಸಿ. ಸಿಸೇರಿಯನ್, ಅಪೆಂಡಿಕ್ಸ್ ಮುಂತಾದ ಹಳೇ ಆಪರೇಷನ್ ಗಾಯದ ಜಾಗದಲ್ಲಿ ಬರುವುದು ಇನ್‌ಸಿಷನಲ್ ಹರ್ನಿಯಾ.

ಹಯಾಟಲ್ ಹರ್ನಿಯಾ ಬೇರೆಯೇ ಜಾತಿ. ಅಲ್ಲಿ ಜಠರದ (ಊಟ ಸೇರುವ ಚೀಲ) ಮೇಲ್ಭಾಗ ವಪೆಯನ್ನು (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ದಾಟಿ ಎದೆಯೊಳಕ್ಕೆ ಸರಿಯುತ್ತದೆ. ಹೊರಗೆ ಉಬ್ಬು ಕಾಣುವುದಿಲ್ಲ, ಎದೆಯುರಿ ಕಾಣುತ್ತದೆ. ಅಂಥವರು ಊಟವಾದ ಎರಡು ಮೂರು ಗಂಟೆ ವ್ಯಾಯಾಮ ಮಾಡಬಾರದು. ತಲೆ ಕೆಳಗಾಗುವ ಆಸನಗಳನ್ನೂ ಬಿಡಬೇಕು. ಇಲ್ಲಿ ಮುಂದೆ ಹೇಳುವುದು ಮುಖ್ಯವಾಗಿ ತೊಡೆಸಂದು ಮತ್ತು ಹೊಕ್ಕುಳಿನ ಹರ್ನಿಯಾ ಇರುವ ದೊಡ್ಡವರಿಗೆ.

ಹಂತ 1: ಸರ್ಜನ್ ಹತ್ತಿರ ಒಮ್ಮೆ ತೋರಿಸಿ

ಪರೀಕ್ಷೆ ಆಗದೆ ವ್ಯಾಯಾಮ ಶುರುಮಾಡಬೇಡಿ. ಜನರಲ್ ಸರ್ಜನ್ ನಿಮ್ಮನ್ನು ನಿಲ್ಲಿಸಿ, ಕೆಮ್ಮಲು ಹೇಳಿ, ಬೆರಳಿಟ್ಟು ನೋಡುತ್ತಾರೆ. ಬಹಳ ಸಲ ಅಷ್ಟೇ ಸಾಕು. ಅನುಮಾನ ಇದ್ದರೆ ಅಲ್ಟ್ರಾಸೌಂಡ್ ಬರೆದುಕೊಡುತ್ತಾರೆ. ತೊಡೆಸಂದಿನ ಗಂಟೆಲ್ಲ ಹರ್ನಿಯಾ ಅಲ್ಲ. ಹಾಲುಗಂಟು (ದುಗ್ಧರಸ ಗ್ರಂಥಿ) ಊದಿರಬಹುದು. ಬೀಜದ ಚೀಲದಲ್ಲಿ ನೀರು ತುಂಬಿರಬಹುದು, ಅದು ಹೈಡ್ರೋಸೀಲ್. ಹಳ್ಳಿ ಕಡೆ ಹರ್ನಿಯಾವನ್ನೂ ಇದನ್ನೂ ಒಂದೇ ಹೆಸರಿನಿಂದ ಕರೆಯುವುದುಂಟು, ಆದರೆ ಎರಡರ ಚಿಕಿತ್ಸೆ ಬೇರೆ ಬೇರೆ. ಹೆರಿಗೆಯಾದ ಮೇಲೆ ಹೊಟ್ಟೆಯ ನಡುಗೆರೆ ಅಗಲವಾಗಿ ಉಬ್ಬುವುದೂ ಇದೆ. ಅಲ್ಲಿ ತೂತಿರುವುದಿಲ್ಲ, ಎರಡು ಸ್ನಾಯುಗಳು ದೂರ ಸರಿದಿರುತ್ತವೆ ಅಷ್ಟೆ. ಅದಕ್ಕೆ ವ್ಯಾಯಾಮ ನಿಜವಾಗಿಯೂ ಸಹಾಯ ಮಾಡುತ್ತದೆ.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಯಾವ ಜಾಗದ ಹರ್ನಿಯಾ? ಪೂರ್ತಿ ಒಳಗೆ ಹೋಗುತ್ತದೆಯೇ? ಇನ್ನೊಂದು ಬದಿಯಲ್ಲೂ ಇದೆಯೇ? ಆಪರೇಷನ್‌ಗೆ ಎಷ್ಟು ದಿನ ಕಾಯಬಹುದು? ಅಲ್ಲಿಯವರೆಗೆ ಎಷ್ಟು ತೂಕ ಎತ್ತಬಹುದು?

ಇಲ್ಲಿ ಆಗುವ ದೊಡ್ಡ ತಪ್ಪು ಎಂದರೆ ಮುಚ್ಚಿಡುವುದು. ಜಾಗ ಅಂಥದ್ದು ಎಂದು ಹೆಂಗಸರೂ ವಯಸ್ಸಾದವರೂ ವರ್ಷಗಟ್ಟಲೆ ಮನೆಯವರಿಗೂ ಹೇಳುವುದಿಲ್ಲ. ಇನ್ನೊಂದು ತಪ್ಪು, “ಬಟ್ಟಿ ಜಾರಿದೆ” ಎಂದು ಹೊಟ್ಟೆ ತಿಕ್ಕಿಸಿಕೊಳ್ಳುವುದು. ಒಳಗೆ ಕರುಳು ಸಿಕ್ಕಿಕೊಂಡಿರುವಾಗ ಮೇಲಿನಿಂದ ಒತ್ತಿ ತಿಕ್ಕಿದರೆ ಕರುಳಿಗೇ ಪೆಟ್ಟಾಗಬಹುದು.

ಹಂತ 2: ಅಪಾಯದ ಗುರುತುಗಳನ್ನು ಬಾಯಿಪಾಠ ಮಾಡಿಕೊಳ್ಳಿ

ಮಲಗಿದರೆ ಒಳಗೆ ಹೋಗುವ ಹರ್ನಿಯಾ ಸದ್ಯಕ್ಕೆ ಶಾಂತವಾಗಿದೆ ಎಂದರ್ಥ. ಹೋಗದೆ ಹೊರಗೇ ಉಳಿದರೆ ಸಿಕ್ಕಿಹಾಕಿಕೊಂಡಿದೆ ಎಂದರ್ಥ. ಸಿಕ್ಕಿಹಾಕಿಕೊಂಡ ಕರುಳಿಗೆ ರಕ್ತ ಹೋಗುವುದೂ ನಿಂತರೆ ಅದನ್ನು ಸ್ಟ್ರಾಂಗ್ಯುಲೇಷನ್ ಎನ್ನುತ್ತಾರೆ. ಕುತ್ತಿಗೆ ಹಿಸುಕಿದಂತೆ ಕರುಳಿನ ಉಸಿರು ಕಟ್ಟುತ್ತದೆ. ಕೆಲವೇ ಗಂಟೆಗಳಲ್ಲಿ ಆ ಭಾಗ ಕೊಳೆಯಲು ಶುರುವಾಗುತ್ತದೆ.

ಈ ಗುರುತುಗಳಲ್ಲಿ ಯಾವುದು ಕಂಡರೂ ತಡಮಾಡಬೇಡಿ:

- ಉಬ್ಬು ದಿಢೀರನೆ ಗಟ್ಟಿಯಾಗಿ, ಮುಟ್ಟಿದರೆ ವಿಪರೀತ ನೋವು
- ಯಾವಾಗಲೂ ಒಳಗೆ ಹೋಗುತ್ತಿದ್ದದ್ದು ಈಗ ಹೋಗುತ್ತಿಲ್ಲ
- ಮೇಲಿನ ಚರ್ಮ ಕೆಂಪು ಅಥವಾ ಕಪ್ಪುನೀಲಿ
- ವಾಂತಿ, ಹೊಟ್ಟೆ ಉಬ್ಬರ, ಗ್ಯಾಸೂ ಹೋಗುತ್ತಿಲ್ಲ, ಮಲವೂ ಹೋಗುತ್ತಿಲ್ಲ
- ಇದರ ಜೊತೆ ಜ್ವರ

108ಕ್ಕೆ ಫೋನ್ ಮಾಡಿ ಅಥವಾ ಸಿಕ್ಕ ಗಾಡಿಯಲ್ಲಿ ಆಪರೇಷನ್ ಸೌಲಭ್ಯ ಇರುವ ಆಸ್ಪತ್ರೆಗೆ ಹೋಗಿ. ನೀರು, ಕಾಫಿ, ಊಟ ಏನೂ ಬೇಡ, ಅರಿವಳಿಕೆ ಕೊಡಬೇಕಾಗಬಹುದು. ಜೋರಾಗಿ ಒತ್ತಿ ಒಳಗೆ ತಳ್ಳಲು ಹೋಗಬೇಡಿ. “ಗ್ಯಾಸ್ ಇರಬೇಕು, ಬೆಳಗ್ಗೆ ನೋಡೋಣ” ಎಂದು ರಾತ್ರಿಯೆಲ್ಲ ಸೋಡಾ ಕುಡಿದು ಮಲಗಿದವರನ್ನು ನಾನು ಕಂಡಿದ್ದೇನೆ. ಕಳೆದುಹೋದ ಆ ಗಂಟೆಗಳಿಗೆ ಅವರು ತೆತ್ತ ಬೆಲೆ ದೊಡ್ಡದು. ಮನೆಯವರಿಗೂ ಈ ಪಟ್ಟಿ ಓದಿ ಹೇಳಿ.

ಹಂತ 3: ವ್ಯಾಯಾಮಕ್ಕಿಂತ ಮೊದಲು ದಿನದ ಒತ್ತಡ ಇಳಿಸಿ

ಇಪ್ಪತ್ತು ಮಂದಿ ಆರೋಗ್ಯವಂತ ಯುವಜನರ ಹೊಟ್ಟೆಯೊಳಗಿನ ಒತ್ತಡ ಅಳೆದ ಒಂದು ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಬಿಪಿ ಅಳೆಯುವ ಅದೇ ಅಳತೆಯಲ್ಲಿ ಹೇಳುವುದಾದರೆ, ಮಲಗಿದ್ದಾಗ ಒತ್ತಡ ಸುಮಾರು 2. ಸುಮ್ನೆ ನಿಂತಾಗ ಸುಮಾರು 20. ಕೆಮ್ಮಿದಾಗ 100 ದಾಟುತ್ತದೆ. ನಿಂತಲ್ಲೇ ಜಿಗಿದಾಗ ಸುಮಾರು 170. ನಾಲ್ಕೂವರೆ ಕೆಜಿ ತೂಕ ಎತ್ತಿದಾಗ ಮಾತ್ರ ಒತ್ತಡ ಅಷ್ಟೇನೂ ಏರಲಿಲ್ಲ.

ಈ ಅಂಕಿಗಳನ್ನು ಮತ್ತೊಮ್ಮೆ ಓದಿ. ಜಿಮ್‌ನ ಸಣ್ಣ ಡಂಬೆಲ್‌ಗೆ ಹೆದರುವವರು ವರ್ಷಗಟ್ಟಲೆಯ ಕೆಮ್ಮಿಗೆ ಹೆದರುವುದಿಲ್ಲ. ದಿನಕ್ಕೆ ಇಪ್ಪತ್ತು ನಿಮಿಷದ ವ್ಯಾಯಾಮ ಸರಿಯಾಗಿದ್ದು, ಉಳಿದ ಹೊತ್ತು ಕೆಮ್ಮುತ್ತ, ತಿಣುಕುತ್ತ ಇದ್ದರೆ ಏನು ಪ್ರಯೋಜನ? ಹಾಗಾಗಿ ಈ ಹಂತಕ್ಕೆ ಎರಡು ವಾರ ಕೊಡಿ.

ಕೆಮ್ಮು. ಬೀಡಿ, ಸಿಗರೇಟು ಬಿಡಲೇಬೇಕು. ಅದು ಕೆಮ್ಮು ತರುವುದಷ್ಟೇ ಅಲ್ಲ, ಪೊರೆಯನ್ನು ಗಟ್ಟಿಯಾಗಿಡುವ ಕೊಲಾಜನ್ ಎಂಬ ನಾರನ್ನೂ ಹಾಳುಮಾಡುತ್ತದೆ. ಆಪರೇಷನ್ ಆದವರಿಗೆ ಹರ್ನಿಯಾ ಮರುಕಳಿಸಲು ಇದೂ ಒಂದು ಕಾರಣ. ಅಲರ್ಜಿ, ಆಸ್ತಮಾ ಇದ್ದರೆ ಚಿಕಿತ್ಸೆ ಸರಿಪಡಿಸಿಕೊಳ್ಳಿ. ಎನಾಲಪ್ರಿಲ್, ರಾಮಿಪ್ರಿಲ್ ಥರದ ಕೆಲವು ಬಿಪಿ ಮಾತ್ರೆಗಳಿಂದ ಒಣ ಕೆಮ್ಮು ಬರಬಹುದು. ನೀವಾಗಿ ನಿಲ್ಲಿಸಬೇಡಿ, ಬದಲಿ ಮಾತ್ರೆ ಇದೆಯಾ ಎಂದು ವೈದ್ಯರನ್ನು ಕೇಳಿ. ಕೆಮ್ಮು, ಸೀನು ಬಂದಾಗ ಅಂಗೈಯನ್ನು ಹರ್ನಿಯಾದ ಮೇಲೆ ಮೆಲ್ಲಗೆ ಒತ್ತಿ ಹಿಡಿಯಿರಿ.

ಮಲಬದ್ಧತೆ. ಟಾಯ್ಲೆಟ್‌ನಲ್ಲಿ ತಿಣುಕುವುದು ಹರ್ನಿಯಾಕ್ಕೆ ದಿನಾ ಗಾಳಿ ಹೊಡೆದಂತೆ. ನೀರು, ಸೊಪ್ಪು, ಹಣ್ಣು, ರಾಗಿ, ಕಾಳು ಜಾಸ್ತಿ ಮಾಡಿ. ಸಾಲದಿದ್ದರೆ ರಾತ್ರಿ ಇಸಬ್ಗೋಲ್ ಹೊಟ್ಟು ತೆಗೆದುಕೊಂಡು, ಅದರ ಜೊತೆ ಸಾಕಷ್ಟು ನೀರು ಕುಡಿಯಿರಿ. ಕಮೋಡ್ ಬಳಸುವವರು ಪಾದದ ಕೆಳಗೆ ಒಂದು ಗಿಡ್ಡ ಸ್ಟೂಲ್ ಇಟ್ಟುಕೊಳ್ಳಿ. ಮಂಡಿ ಸೊಂಟಕ್ಕಿಂತ ಮೇಲಿದ್ದರೆ ತಿಣುಕುವುದು ಕಡಿಮೆಯಾಗುತ್ತದೆ. ಅರವತ್ತು ದಾಟಿದ ಗಂಡಸರಿಗೆ ಮೂತ್ರಕ್ಕೂ ತಿಣುಕಬೇಕಾಗಿ ಬಂದರೆ ಅದು ಪ್ರಾಸ್ಟೇಟ್ ಇರಬಹುದು, ಅದನ್ನು ಮೊದಲು ತೋರಿಸಿ.

ಭಾರ. ನಮ್ಮ ಮನೆಗಳಲ್ಲಿ ನಿಜವಾದ ಭಾರ ಎಲ್ಲಿದೆ ನೋಡಿ. ತುಂಬಿದ ಗ್ಯಾಸ್ ಸಿಲಿಂಡರ್‌ನಲ್ಲಿ ಗ್ಯಾಸೇ 14.2 ಕೆಜಿ, ಕಬ್ಬಿಣ ಸೇರಿ ಸುಮಾರು 30 ಕೆಜಿ. ನೀರಿನ ಕ್ಯಾನ್ 20 ಕೆಜಿ. ಅಕ್ಕಿ ಮೂಟೆ 25 ಕೆಜಿ. ಇವನ್ನು ಬೇರೆಯವರಿಗೆ ಬಿಡಿ. ಯಾರೂ ಇಲ್ಲದಿದ್ದರೆ ಸಿಲಿಂಡರನ್ನು ಎತ್ತಬೇಡಿ, ಅಂಚಿನ ಮೇಲೆ ಉರುಳಿಸಿಕೊಂಡು ಹೋಗಿ. ಕ್ಯಾನ್‌ಗೆ ಕೈಪಂಪ್ ಹಾಕಿ. ಬೈಕನ್ನು ಡಬಲ್ ಸ್ಟ್ಯಾಂಡ್‌ಗೆ ಎಳೆಯುವುದನ್ನು ಜನ ಭಾರ ಎತ್ತುವುದು ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದೇ ಅದನ್ನು ಮಾಡುತ್ತೇವೆ. ಸೈಡ್ ಸ್ಟ್ಯಾಂಡ್ ಹಾಕಿ.

ಹಾಸಿಗೆಯಿಂದ ಏಳುವುದು. ಮಲಗಿದಲ್ಲಿಂದ ನೇರವಾಗಿ ಎದ್ದು ಕೂತರೆ ಅದೂ ಒಂದು ಸಿಟ್‌ಅಪ್ಪೇ. ಪಕ್ಕಕ್ಕೆ ಹೊರಳಿ, ಕಾಲು ಕೆಳಗೆ ಇಳಿಸಿ, ಕೈಯೂರಿ ಏಳಿ. ಹಿರಿಯರು ಬಲಮಗ್ಗುಲಲ್ಲಿ ಏಳು ಎನ್ನುತ್ತಿದ್ದರಲ್ಲ, ಹಾಗೆ. ಹರ್ನಿಯಾ ಇದ್ದವರಿಗೆ ಯಾವ ಮಗ್ಗುಲಾದರೂ ಸರಿ.

ಹಂತ 4: ಉಸಿರು ಕಲಿಯಿರಿ

ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುತ್ತೀರಿ ಎಂದಾದರೆ ಇದನ್ನು ಇಟ್ಟುಕೊಳ್ಳಿ: ಶ್ರಮದ ಹೊತ್ತಿನಲ್ಲಿ ಉಸಿರು ಕಟ್ಟಬೇಡಿ, ಹೊರಗೆ ಬಿಡಿ. ಉಸಿರು ಕಟ್ಟಿ ತಿಣುಕಿದಾಗ ವಪೆ ಮೇಲಿನಿಂದ ಒತ್ತುತ್ತದೆ, ಹೊಟ್ಟೆಯ ಸ್ನಾಯು ಮುಂದಿನಿಂದ ಬಿಗಿಯುತ್ತದೆ. ನಡುವೆ ಸಿಕ್ಕ ಒತ್ತಡ ಸಡಿಲ ಜಾಗ ಹುಡುಕಿಕೊಂಡು ಹೋಗುತ್ತದೆ. ಅದೇ ಕೆಲಸವನ್ನು ಉಸಿರು ಬಿಡುತ್ತ ಮಾಡಿದರೆ ಒತ್ತಡಕ್ಕೆ ಮೇಲೊಂದು ದಾರಿ ಸಿಗುತ್ತದೆ.

ಕಲಿಯುವುದು ಹೀಗೆ. ಅಂಗಾತ ಮಲಗಿ ಮಂಡಿ ಮಡಿಸಿ. ಒಂದು ಕೈ ಹೊಟ್ಟೆಯ ಮೇಲಿರಲಿ, ಇನ್ನೊಂದು ಹರ್ನಿಯಾದ ಮೇಲಿರಲಿ. ಮೂಗಿನಿಂದ ನಿಧಾನವಾಗಿ ಉಸಿರು ತೆಗೆದುಕೊಳ್ಳಿ, ಹೊಟ್ಟೆ ಮೆಲ್ಲಗೆ ಏಳಲಿ. ಬಿಸಿ ಕಾಫಿ ಆರಿಸುವಂತೆ ಬಾಯಿಂದ ಉದ್ದಕ್ಕೆ ಬಿಡಿ. ಬಿಡುವಾಗ ಹೊಕ್ಕುಳನ್ನು ಬೆನ್ನಿನ ಕಡೆ ಹಗುರವಾಗಿ ಒಳಗೆ ಎಳೆದುಕೊಳ್ಳಿ. ಜೊತೆಗೆ ಮೂತ್ರ ತಡೆಹಿಡಿಯುವ ಸ್ನಾಯುವನ್ನು ಮೇಲಕ್ಕೆತ್ತಿ. ಪೂರ್ತಿ ಬಲ ಬೇಡ, ನಿಮ್ಮ ಶಕ್ತಿಯ ಕಾಲು ಭಾಗ ಸಾಕು. ಹತ್ತು ಸಲ, ದಿನಕ್ಕೆ ಎರಡು ಹೊತ್ತು.

ಹರ್ನಿಯಾದ ಮೇಲಿಟ್ಟ ಕೈಯೇ ನಿಮ್ಮ ಮೀಟರ್. ಇನ್ನು ಮುಂದೆ ಯಾವ ಹೊಸ ವ್ಯಾಯಾಮ ಮಾಡಿದರೂ ಮೊದಲ ಸಲ ಕೈಯಿಟ್ಟು ನೋಡಿ. ಕೈಗೆ ಉಬ್ಬು ತಳ್ಳಿದಂತೆ ಆದರೆ ಆ ವ್ಯಾಯಾಮ ನಿಮಗೆ ಸದ್ಯಕ್ಕೆ ಬೇಡ. ಸುಲಭ ಮಾಡಿಕೊಳ್ಳಿ ಅಥವಾ ಬಿಡಿ. ಯೂಟ್ಯೂಬ್‌ನಲ್ಲಿ ಯಾರು ಏನೇ ಹೇಳಲಿ, ಕೈ ಹೇಳಿದ್ದನ್ನು ನಂಬಿ.

ಎರಡು ಮೂರು ದಿನ ಮಲಗಿ ಅಭ್ಯಾಸವಾದ ಮೇಲೆ ಕೂತು ಮಾಡಿ, ಆಮೇಲೆ ನಿಂತು. ಕೊನೆಗೆ ದಿನದ ಕೆಲಸಕ್ಕೆ ತನ್ನಿ. ಕುರ್ಚಿಯಿಂದ ಏಳುವಾಗ ಉಸಿರು ಬಿಡಿ. ಬಕೆಟ್ ಎತ್ತುವಾಗ, ರೋಲಿಂಗ್ ಶಟರ್ ಎಳೆಯುವಾಗ, ಮಗುವನ್ನು ಎತ್ತಿಕೊಳ್ಳುವಾಗ ಬಿಡಿ.

ಹಂತ 5: ವ್ಯಾಯಾಮ ಶುರುಮಾಡಿ

ಈ ಭಾಗ ಉಬ್ಬು ಪೂರ್ತಿ ಒಳಗೆ ಹೋಗುವವರಿಗೆ ಮತ್ತು ಸರ್ಜನ್ ಒಪ್ಪಿಗೆ ಕೊಟ್ಟವರಿಗೆ ಮಾತ್ರ. ಊಟವಾಗಿ ಎರಡು ಗಂಟೆ ಕಳೆದಿರಲಿ. ಹೊರಟಾಗ ಮೂತ್ರಕೋಶ ಖಾಲಿ ಇರಲಿ.

ಮೊದಲ ಎರಡು ವಾರ ನಡಿಗೆ. ಸಮತಟ್ಟಾದ ದಾರಿಯಲ್ಲಿ ಹತ್ತು ನಿಮಿಷದಿಂದ ಶುರುಮಾಡಿ ಅರ್ಧ ಗಂಟೆಗೆ ಏರಿಸಿ. ಮಾತಾಡುತ್ತ ನಡೆಯುವಷ್ಟು ವೇಗ ಸಾಕು. ಇಡೀ ದಿನ ನಿಂತು ಕೆಲಸ ಮಾಡಿದ ಸಂಜೆ ಉಬ್ಬು ದೊಡ್ಡದಾಗಿ ಕಾಣುವುದು ಮಾಮೂಲು. ಅಂಥವರು ಬೆಳಗ್ಗೆಯೇ ನಡೆಯಿರಿ. ನಡೆದು ಬಂದು ಎಳೆದಂತಾದರೆ ಹದಿನೈದು ನಿಮಿಷ ಅಂಗಾತ ಮಲಗಿ. ಒಂದೇ ಜಾಗದಲ್ಲಿ ತುಳಿಯುವ ಸೈಕಲ್ಲೂ ಆಗಬಹುದು, ಆದರೆ ಬಿಗಿ ಕಡಿಮೆ ಇರಲಿ. ಈಜು ಬಲ್ಲವರಿಗೆ ನಿಧಾನ ಈಜು ಒಳ್ಳೆಯದು, ಡೈವ್ ಬೇಡ.

ಮೂರನೇ ವಾರದಿಂದ ಇವುಗಳನ್ನು ಸೇರಿಸಿಕೊಳ್ಳಿ. ಪ್ರತಿಯೊಂದೂ ಎಂಟು ಹತ್ತು ಸಲ, ವಾರಕ್ಕೆ ನಾಲ್ಕು ದಿನ.

1. ಹಿಮ್ಮಡಿ ಜಾರಿಸುವುದು. ಅಂಗಾತ ಮಲಗಿ ಮಂಡಿ ಮಡಿಸಿ. ಉಸಿರು ಬಿಡುತ್ತ ಒಂದು ಹಿಮ್ಮಡಿಯನ್ನು ನೆಲದ ಮೇಲೆ ಜಾರಿಸಿ ಕಾಲು ನೀಳ ಮಾಡಿ. ಉಸಿರು ತೆಗೆದುಕೊಳ್ಳಿ. ಮತ್ತೆ ಬಿಡುತ್ತ ಹಿಂದಕ್ಕೆ ತನ್ನಿ. ಕಾಲು ನೆಲ ಬಿಡಬಾರದು.

2. ಮಂಡಿ ವಾಲಿಸುವುದು. ಅದೇ ಭಂಗಿ. ಒಂದು ಮಂಡಿಯನ್ನು ಪಕ್ಕಕ್ಕೆ ನಿಧಾನವಾಗಿ ವಾಲಿಸಿ ವಾಪಸ್ ತನ್ನಿ. ಸೊಂಟ ಅಲ್ಲಾಡಬಾರದು.

3. ಸಣ್ಣ ಸೇತುಬಂಧ. ಉಸಿರು ಬಿಡುತ್ತ ಸೊಂಟವನ್ನು ಒಂದು ಗೇಣು ಎತ್ತಿ, ಎರಡೆಣಿಕೆ ನಿಂತು ಇಳಿಸಿ. ಪೂರ್ತಿ ಕಮಾನು ಮಾಡುವ ಆಸೆ ಬೇಡ. ಇಲ್ಲಿ ಪೃಷ್ಠದ ಸ್ನಾಯುಗಳಿಗೆ ಕೆಲಸ ಸಿಗಬೇಕು.

4. ಕುರ್ಚಿಯಿಂದ ಏಳು-ಕೂರು. ಇದು ಬಸ್ಕಿಯ ಸುಲಭ ರೂಪ. ಏಳುವಾಗ ಉಸಿರು ಹೊರಗೆ.

5. ಗೋಡೆ ದಂಡ. ಗೋಡೆಯಿಂದ ಒಂದು ತೋಳಿನಷ್ಟು ದೂರದಲ್ಲಿ ನಿಂತು, ಅಂಗೈ ಗೋಡೆಗೆ ಕೊಟ್ಟು ಬಾಗಿ. ತಳ್ಳುವಾಗ ಉಸಿರು ಬಿಡಿ. ನೆಲದ ದಂಡಕ್ಕಿಂತ ಹೊಟ್ಟೆಯ ಮೇಲೆ ಭಾರ ಬಹಳ ಕಡಿಮೆ ಬೀಳುತ್ತದೆ.

6. ಅಂಬೆಗಾಲಿನಲ್ಲಿ ಎದುರು ಕೈಕಾಲು ಚಾಚುವುದು. ಬಲಗೈ, ಎಡಗಾಲು ಒಟ್ಟಿಗೆ ನೀಡಿ, ಬದಲಿಸಿ. ಹೊಕ್ಕುಳಿನ ಹರ್ನಿಯಾ ಇರುವವರು ಇದರಲ್ಲಿ ಹುಷಾರು. ಅಂಬೆಗಾಲಿನಲ್ಲಿ ಹೊಟ್ಟೆ ಕೆಳಗೆ ಜೋಲುತ್ತದೆ. ಕೈಗೆ ಉಬ್ಬು ಸಿಕ್ಕರೆ ಇದನ್ನು ಬಿಟ್ಟುಬಿಡಿ.

ನೋವು ಬಂದರೆ ನಿಲ್ಲಿಸಿ. ಸ್ನಾಯು ದಣಿದ ನೋವು ಬೇರೆ, ತೊಡೆಸಂದಿನಲ್ಲಿ ಚುಚ್ಚಿದಂತೆ, ಉರಿದಂತೆ, ಬೀಜಕ್ಕೆ ಇಳಿದಂತೆ ಆಗುವ ನೋವು ಬೇರೆ. ಎರಡನೆಯದನ್ನು ತಡೆದುಕೊಂಡು ಮುಂದುವರಿಸಬೇಡಿ. ಮರುದಿನವೂ ಇದ್ದರೆ ವೈದ್ಯರಿಗೆ ತೋರಿಸಿ.

ಹಂತ 6: ಬಿಡಬೇಕಾದದ್ದು ಮತ್ತು ಬದಲಿಸಬೇಕಾದದ್ದು

ಜಿಮ್‌ಗೆ ಹೋಗುವವರು ಭಾರಿ ಡೆಡ್‌ಲಿಫ್ಟ್, ಭಾರಿ ಸ್ಕ್ವಾಟ್, ಲೆಗ್ ಪ್ರೆಸ್, ಸಿಟ್‌ಅಪ್, ಕ್ರಂಚ್, ಎರಡೂ ಕಾಲು ಒಟ್ಟಿಗೆ ಎತ್ತುವುದು, ಬಾಕ್ಸ್ ಜಂಪ್, ಸ್ಕಿಪ್ಪಿಂಗ್ ಬಿಡಿ. ಬೆನ್ನಿಗೆ ಆಸರೆ ಇರುವ ಸೀಟಿನಲ್ಲಿ ಕೂತು ಕೈ, ಎದೆ, ಬೆನ್ನಿನ ವ್ಯಾಯಾಮ ಮಾಡಬಹುದು. ತೂಕ ಎಷ್ಟು? ಉಸಿರು ಕಟ್ಟದೆ ಹದಿನೈದು ಸಲ ಎತ್ತಲು ಆಗುವಷ್ಟು. ಹನ್ನೆರಡನೇ ಸಲಕ್ಕೆ ಮುಖ ಕೆಂಪಾಗಿ ಹಲ್ಲು ಕಚ್ಚುವಂತಾದರೆ ತೂಕ ಇಳಿಸಿ.

ಬೆಲ್ಟ್ ವಿಷಯದಲ್ಲಿ ತುಂಬ ಗೊಂದಲ ಇದೆ. ಜಿಮ್‌ನಲ್ಲಿ ಸೊಂಟಕ್ಕೆ ಬಿಗಿಯುವ ಅಗಲ ಬೆಲ್ಟ್ ಹೊಟ್ಟೆಯೊಳಗಿನ ಒತ್ತಡ ಏರಿಸಲೆಂದೇ ಇರುವುದು. ಹರ್ನಿಯಾ ಇದ್ದವರು ಅದನ್ನು ಕಟ್ಟಿ ಭಾರ ಎತ್ತಬಾರದು. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಹರ್ನಿಯಾ ಬೆಲ್ಟ್ ಬೇರೆ. ಅದರಲ್ಲಿ ತೂತಿನ ಮೇಲೆ ಕೂರುವ ಮೆತ್ತೆ ಇರುತ್ತದೆ. ಅದನ್ನು ಮಲಗಿ, ಉಬ್ಬು ಪೂರ್ತಿ ಒಳಗೆ ಹೋದ ಮೇಲೆಯೇ ಕಟ್ಟಬೇಕು. ಹೊರಗಿರುವ ಕರುಳಿನ ಮೇಲೆ ಕಟ್ಟಿದರೆ ಅಪಾಯ. ಆಪರೇಷನ್ ದಿನ ಬರುವವರೆಗೆ ಸ್ವಲ್ಪ ಆರಾಮ ಕೊಡುವುದಷ್ಟೇ ಅದರ ಕೆಲಸ. ವಾಸಿ ಮಾಡುವುದಿಲ್ಲ, ರಾತ್ರಿ ಕಟ್ಟಿಕೊಂಡು ಮಲಗಬೇಕಾಗಿಯೂ ಇಲ್ಲ.

ಯೋಗದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಯೋಗ ಎಂದರೆ ಅಪಾಯವೇ ಇಲ್ಲ ಎಂದು ನಂಬಿದವರು ಜಾಸ್ತಿ. ಕಪಾಲಭಾತಿಯಲ್ಲಿ ಹೊಟ್ಟೆಯನ್ನು ಪಟಪಟನೆ ಒಳಗೆ ಬಡಿಯುತ್ತೀರಿ. ಪ್ರತಿ ಬಡಿತವೂ ಒಂದು ಸಣ್ಣ ಕೆಮ್ಮಿನಂತೆ. ಕಪಾಲಭಾತಿ, ಭಸ್ತ್ರಿಕಾ, ಅಗ್ನಿಸಾರ, ನೌಲಿ ಬೇಡ. ನೌಕಾಸನ, ಧನುರಾಸನ, ಶಲಭಾಸನ, ಚಕ್ರಾಸನ, ಮಯೂರಾಸನವೂ ಬೇಡ. ಸೂರ್ಯನಮಸ್ಕಾರವನ್ನು ನಿಧಾನವಾಗಿ, ಜಿಗಿಯದೆ ಮಾಡಿದರೆ ಕೆಲವರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ಉಬ್ಬುತ್ತದೆ. ಕೈ ಪರೀಕ್ಷೆ ಮಾಡಿ ನಿರ್ಧರಿಸಿ. ತಾಡಾಸನ, ವೃಕ್ಷಾಸನ, ಅನುಲೋಮ ವಿಲೋಮ, ಭ್ರಾಮರಿ, ಶವಾಸನಗಳನ್ನು ಧಾರಾಳವಾಗಿ ಮಾಡಿ. ಪವನಮುಕ್ತಾಸನ ಮಾಡುವುದಾದರೆ ಒಂದೊಂದೇ ಕಾಲು, ತಲೆ ಎತ್ತದೆ. ತರಗತಿಗೆ ಸೇರಿದ ಮೊದಲ ದಿನವೇ ಶಿಕ್ಷಕರಿಗೆ ಹರ್ನಿಯಾ ಇದೆ ಎಂದು ಹೇಳಿ. ಹಿಂದಿನ ಸಾಲಿನಲ್ಲಿ ನಿಂತು ಎಲ್ಲರ ಜೊತೆ ಮಾಡಿಬಿಡುವುದೇ ಹೆಚ್ಚಿನ ತೊಂದರೆಗೆ ಮೂಲ.

ಹಂತ 7: ಆಪರೇಷನ್ ಮತ್ತು ಆಮೇಲೆ

“ನೋವೇ ಇಲ್ಲ, ಆದರೂ ಮಾಡಿಸಬೇಕಾ?” ತೊಡೆಸಂದಿನ ಹರ್ನಿಯಾ ಇದ್ದೂ ಹೆಚ್ಚು ತೊಂದರೆ ಇಲ್ಲದ 720 ಗಂಡಸರ ಮೇಲೆ ಉತ್ತರ ಅಮೆರಿಕದಲ್ಲಿ ನಡೆದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಕಾದು ನೋಡಿದವರಲ್ಲಿ ತುರ್ತು ಅಪಾಯ ಬಹಳ ಅಪರೂಪವಾಗಿತ್ತು, ವರ್ಷಕ್ಕೆ ಸಾವಿರ ಮಂದಿಯಲ್ಲಿ ಇಬ್ಬರಿಗಿಂತ ಕಡಿಮೆ. ಆದರೆ ಎರಡೇ ವರ್ಷದಲ್ಲಿ ಸುಮಾರು ಕಾಲು ಭಾಗ ಜನ ಆಪರೇಷನ್‌ಗೆ ಬಂದರು, ಮುಖ್ಯವಾಗಿ ನೋವು ಹೆಚ್ಚಾಯಿತೆಂದು. ಹತ್ತು ವರ್ಷ ದಾಟುವಷ್ಟರಲ್ಲಿ ಮೂರರಲ್ಲಿ ಎರಡು ಭಾಗ. ಅಂದರೆ ಗಾಬರಿಯಿಂದ ನಾಳೆಯೇ ಮಾಡಿಸಬೇಕಿಲ್ಲ, ಒಂದಲ್ಲ ಒಂದು ದಿನ ಬಹುಶಃ ಬೇಕಾಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಭಾರದ ಕೆಲಸ ಮಾಡುವವರು, ಆಸ್ಪತ್ರೆಯಿಂದ ದೂರ ಇರುವವರು ನಿಮಗೆ ಅನುಕೂಲವಾದ ಸಮಯ ನೋಡಿಕೊಂಡು ಮಾಡಿಸಿಬಿಡಿ. ಈ ಕಾದು ನೋಡುವ ಲೆಕ್ಕ ಹೆಂಗಸರಿಗೆ ಅನ್ವಯಿಸುವುದಿಲ್ಲ. ಅವರಲ್ಲಿ ಫೆಮೊರಲ್ ಇರುವ ಸಾಧ್ಯತೆ ಇರುವುದರಿಂದ ತಡಮಾಡಬಾರದು.

ಖರ್ಚಿನ ಮಾತು. ಹೆಚ್ಚಿನ ಖಾಸಗಿ ಆರೋಗ್ಯ ವಿಮೆಗಳಲ್ಲಿ ಹರ್ನಿಯಾಕ್ಕೆ ಎರಡು ವರ್ಷದ ಕಾಯುವ ಅವಧಿ ಇರುತ್ತದೆ. ಪಾಲಿಸಿ ಪತ್ರ ತೆಗೆದು ನೋಡಿ. ಬಿಪಿಎಲ್ ಕಾರ್ಡ್ ಇರುವವರು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಆಪರೇಷನ್‌ನಲ್ಲಿ ಸಾಮಾನ್ಯವಾಗಿ ತೂತಿನ ಮೇಲೆ ಮೆಶ್ ಹಾಕುತ್ತಾರೆ, ಅಂದರೆ ಸೊಳ್ಳೆಪರದೆಯಂಥ ತೆಳು ಬಲೆ. ನಿಮ್ಮದೇ ಊತಕ ಅದರ ಕಣ್ಣುಗಳೊಳಗೆ ಬೆಳೆದು ಗೋಡೆ ಗಟ್ಟಿಯಾಗುತ್ತದೆ. ಸೀಳಿ ಮಾಡುವುದೂ ಇದೆ, ಸಣ್ಣ ತೂತುಗಳಿಂದ ಮಾಡುವ ಲ್ಯಾಪ್ರೊಸ್ಕೋಪಿಯೂ ಇದೆ.

ಮೂರು ತಿಂಗಳು ಹಾಸಿಗೆ ಬಿಟ್ಟೇಳಬಾರದು ಎಂಬುದು ಹಳೇ ಮಾತು. ತೊಡೆಸಂದಿನ ಹರ್ನಿಯಾ ಕುರಿತು 2018ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ, ಆರಾಮವೆನಿಸಿದ ಕೂಡಲೇ ಮಾಮೂಲಿ ಕೆಲಸಕ್ಕೆ ಮರಳಿ ಎನ್ನುತ್ತದೆ. ನಮ್ಮಲ್ಲಿ ಹೆಚ್ಚಿನ ಸರ್ಜನ್‌ಗಳು ಭಾರಕ್ಕೆ ಮಾತ್ರ ನಾಲ್ಕರಿಂದ ಆರು ವಾರ ಕಾಯಿಸುತ್ತಾರೆ. ನಾನು ಹೇಳಿಕೊಡುವ ಕ್ರಮ ಹೀಗಿದೆ. ಅದೇ ದಿನ ಅಥವಾ ಮರುದಿನ ಎದ್ದು ಮನೆಯೊಳಗೆ ನಡೆಯುವುದು. ಮೊದಲ ವಾರ ಹಂತ 4ರ ಉಸಿರು, ದಿನಕ್ಕೆ ನಾಲ್ಕೈದು ಸಲ ಸಣ್ಣ ನಡಿಗೆ. ಎರಡನೇ ವಾರ ಅರ್ಧ ಗಂಟೆ ನಡಿಗೆ, ಮೆಟ್ಟಿಲು. ಹಠಾತ್ತನೆ ಬ್ರೇಕ್ ಒತ್ತಿದರೂ ನೋಯುವುದಿಲ್ಲ ಎಂದಾದ ಮೇಲೆ ಗಾಡಿ ಓಡಿಸುವುದು. ಮೂರನೇ ವಾರದಿಂದ ಹಂತ 5ರ ವ್ಯಾಯಾಮಗಳು. ಆರನೇ ವಾರ ಸರ್ಜನ್‌ಗೆ ತೋರಿಸಿ, ಅವರು ಸರಿ ಎಂದ ಮೇಲೆ ಐದು ಕೆಜಿಯಿಂದ ಶುರುಮಾಡಿ ವಾರಕ್ಕಿಷ್ಟು ಎಂದು ತೂಕ ಏರಿಸುವುದು. ಹಳೇ ಗಾಯದ ದೊಡ್ಡ ಹರ್ನಿಯಾ ರಿಪೇರಿ ಆದವರಿಗೆ ಈ ಲೆಕ್ಕ ಹಿಡಿಯಬೇಡಿ. ಅವರಿಗೆ ಹೊಟ್ಟೆಪಟ್ಟಿ ಮತ್ತು ಇನ್ನೂ ಹೆಚ್ಚು ಸಮಯ ಬೇಕು.

ಗಾಯದ ಕೆಳಗೆ ಗಟ್ಟಿಯಾದ ಏಣಿನಂತೆ ಕೈಗೆ ಸಿಕ್ಕಿದರೆ ಹರ್ನಿಯಾ ಮತ್ತೆ ಬಂತೆಂದು ಹೆದರಬೇಡಿ. ಮಾಯುತ್ತಿರುವ ಗಾಯ ಹಾಗೇ ಇರುತ್ತದೆ, ಕೆಲವು ತಿಂಗಳಲ್ಲಿ ಮೆತ್ತಗಾಗುತ್ತದೆ. ಆ ಜಾಗದಲ್ಲಿ ಚರ್ಮ ಜೋಮು ಹಿಡಿದಂತೆ ಇರುವುದೂ ಸಾಮಾನ್ಯ. ಜ್ವರ, ಕೀವು, ದಿನೇದಿನೇ ಏರುವ ನೋವು, ಅಥವಾ ಕೆಮ್ಮಿದಾಗ ಮತ್ತೆ ಹೊರಗೆ ತಳ್ಳುವ ಉಬ್ಬು ಕಂಡರೆ ಮಾತ್ರ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಹೋಗಿ ತೋರಿಸಿ.